ಇಳಿಸಿದ ಶ್ರುತಿ

“ಸಾಂಗಿಯ ಅಪ್ಪ, ಶ್ರುತಿ ಇಳಿಸಿದ್ದು ನೀವಾ?” ಐಜಾಲ್‌ನ ಚರ್ಚಿನಲ್ಲಿ ಆರಾಧನೆಗೆ ಮುಂಚೆ, ಡಿಜಿಟಲ್ ಪಿಯಾನೊದ ಪರದೆ ನೋಡುತ್ತ ಥನ್‌ಪುಯಿ ಗಂಡನನ್ನು ಕೇಳಿದಳು. ನಾನೂರ ನಲವತ್ತು ಹರ್ಟ್ಜ್ ಇರಬೇಕಾದ ಕಡೆ ನಾನೂರ ಇಪ್ಪತ್ತಿತ್ತು.

ಪಿಯಾನೊ ನುಡಿಸುವ ಗಂಡ ಮುಖ ಎತ್ತಲಿಲ್ಲ. “ನಿನ್ನ ದನಿ ಮೇಲಕ್ಕೆ ಹೋಗ್ತಿರಲಿಲ್ಲ. ವಾರವಾರ ಚೂರುಚೂರೇ ಇಳಿಸಿದೆ. ಯಾರಿಗೂ ಗೊತ್ತಾಗಲಿಲ್ವಲ್ಲ.”

ದನಿ ಸೋತಿದೆ, ಹಾಡುವುದರಿಂದ ನನ್ನನ್ನು ಬಿಟ್ಟುಬಿಡಿ ಎಂದು ಅವಳು ಪಾಸ್ಟರರನ್ನು ಎಷ್ಟು ಬೇಡಿಕೊಂಡಿದ್ದಳು. ಎಲ್ಲಿ ಸೋತಿದೆ ಎಂದು ನಕ್ಕು, ಅವರು ಪ್ರತಿ ಭಾನುವಾರ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು.

“ನೀನು ಹಾಡದಿದ್ರೆ ನಾನು ಯಾರಿಗೆ ನುಡಿಸ್ಲಿ?” ಎಂದ ಗಂಡ.

ಅವಳು ಗುಂಡಿ ಒತ್ತಿ ಶ್ರುತಿಯನ್ನು ಮೊದಲಿನಷ್ಟಕ್ಕೇ ಏರಿಸಿದಳು. ಜನ ತುಂಬಿದ ಮೇಲೆ ನಿಂತು ಹಾಡಿದಳು. ಮೇಲಿನ ಸ್ವರದಲ್ಲಿ ದನಿ ಎಲ್ಲರಿಗೂ ಕೇಳುವಂತೆ ಒಡೆಯಿತು. ಗಂಡನ ಬೆರಳುಗಳು ನಿಂತವು. ಥನ್‌ಪುಯಿ ಕೆಳಗಿಳಿದು ಹೆಂಗಸರ ಸಾಲಿಗೆ ನಡೆದಳು. ಯಾರೋ ಸರಿದು ಜಾಗ ಕೊಟ್ಟರು.