ತಟ್ಟೆಗಳು ಮುಚ್ಚಿಕೊಂಡ ದಿನ

ಕಂಪನಿ ಕೊಟ್ಟ ತಟ್ಟೆಗಳು ಅಂಗನವಾಡಿಯ ಮಕ್ಕಳಿಗೆ ದಿನವೂ ಪೌಷ್ಟಿಕತೆಯ ಪಾಠ ಹೇಳುತ್ತಿದ್ದವು. ಕಂಪನಿಯದಲ್ಲದ ಆಹಾರ ಬಡಿಸಹೋದರೆ ಮುಚ್ಚಳ ಎಳೆದುಕೊಂಡು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

ಅಂದು ಕಂಪನಿಯ ಆಹಾರದ ಪೊಟ್ಟಣಗಳು ಬರಲಿಲ್ಲ. ಕಾರ್ಯಕರ್ತೆ ದುರುಗಮ್ಮ ತಾನೇ ರಾಗಿರೊಟ್ಟಿ ತಟ್ಟಿ ಬಡಿಸಹೋದಳು. ತಟ್ಟೆಗಳೆಲ್ಲ ಮುಚ್ಚಿಕೊಂಡವು.

"ಹೊಟ್ಟೆ ಹಸೀತೈತೆ ಟೀಚರ್" ಎಂದು ಪುಟ್ಟ ಚಿತ್ತಮ್ಮ ಅತ್ತಳು.

ದುರುಗಮ್ಮ ರೊಟ್ಟಿಯನ್ನು ಮಗುವಿನ ಕೈಗೇ ಕೊಡಹೋದಾಗ ಗೋಡೆಯ ಪರದೆಯಲ್ಲಿ ಕಂಪನಿಯ ಅಧಿಕಾರಿ ಕಾಣಿಸಿಕೊಂಡ. "ಹಾಗೆ ಕೊಟ್ಟರೆ ಈ ಮಕ್ಕಳ ಮನೆಗಳಿಗೆಲ್ಲ ನಮ್ಮ ಉಚಿತ ಚಿಕಿತ್ಸೆ ನಿಲ್ಲುತ್ತೆ, ಮೇಡಂ."

ದುರುಗಮ್ಮ ಕೈ ತಡೆದು, ಅಳು ಕೇಳಿ ಬಾಗಿಲಿಗೆ ಬಂದು ನಿಂತಿದ್ದ ತಾಯಂದಿರತ್ತ ನೋಡಿದಳು. ಚಿತ್ತಮ್ಮನ ತಾಯಿ ತಿಪ್ಪಕ್ಕ ಏಳು ತಿಂಗಳ ಬಸುರಿ. ಅವಳೇ ಮೊದಲು ಒಳಗೆ ಬಂದು ಮಗಳ ಪಕ್ಕ ಕೂತಳು.

"ನೀನು ಕೊಡಕ್ಕ. ನಂಗೂ ಒಂದು ಕೊಡು, ಅವ್ನು ನೋಡ್ಕಂಡಿರ್ಲಿ."

ಚಿಕಿತ್ಸೆಯ ಪಟ್ಟಿಯಿಂದ ತೆಗೆಯಲು ಅಧಿಕಾರಿ ಅವಳ ಹೆಸರು ಕೇಳಿದ. ಉಳಿದ ತಾಯಂದಿರೂ ಒಳಗೆ ಬಂದು, ತಮ್ಮ ತಮ್ಮ ಹೆಸರು ಹೇಳಿ ರೊಟ್ಟಿಗೆ ಕೈ ಚಾಚಿದರು.