ಸೆರ್ವಾಳ ಬ್ಯಾಗು

ಕುಮಾಸಿ ನಗರದ ದೊಡ್ಡ ಮಾರುಕಟ್ಟೆಯ ನಡುದಾರಿಯಲ್ಲಿ ಒಣಮೀನು ಮಾರುವ ಪೊಕುವಾ, ಬಡಗಿ ದಪಾನ ಅಂಗಿ ಹಿಡಿದು ನಿಲ್ಲಿಸಿಬಿಟ್ಟಳು. ಆರಡಿ ಆಳು, ಬಿರಬಿರನೆ ಹೋಗುತ್ತಿದ್ದ. ಹೊಟ್ಟೆಯ ಹತ್ತಿರ ಅಂಗಿ ಗುಡಾಣದಂತೆ ಉಬ್ಬಿತ್ತು, ಕೆಳಗಿನಿಂದ ಕೆಂಪು ಪಟ್ಟಿಯೊಂದು ಇಣುಕುತ್ತಿತ್ತು. ಪೊಕುವಾ ಪಟ್ಟಿ ಹಿಡಿದು ಎಳೆದಳು. ಹೊರಗೆ ಬಂದದ್ದು ಹೆಂಗಸರ ವ್ಯಾನಿಟಿ ಬ್ಯಾಗು.

ಕಳ್ಳ ಎಂದು ಯಾರೋ ಅಂದದ್ದೇ ತಡ, ಟೊಮೆಟೊ ಸಾಲಿನವರು, ಬಟ್ಟೆ ಸಾಲಿನವರು ಎಲ್ಲ ಬಂದು ಮುತ್ತಿಕೊಂಡರು. ಸಂತೆಯಲ್ಲಿ ಸಿಕ್ಕಿಬಿದ್ದ ಕಳ್ಳನ ಗತಿ ಏನಾಗುತ್ತದೆಂದು ದಪಾನಿಗೆ ಚೆನ್ನಾಗಿ ಗೊತ್ತಿತ್ತು.

ಬ್ಯಾಗು ಅವನ ಹೆಂಡತಿ ಸೆರ್ವಾಳದು. ಮಗಳು ಫೊಸುವಾಳಿಗೆ ಹೆರಿಗೆ ನೋವು ಶುರುವಾಗಿ ತಾಯಿ ಮಗಳಿಬ್ಬರೂ ಬೆಳಿಗ್ಗೆಯೇ ಆಸ್ಪತ್ರೆಗೆ ಧಾವಿಸಿದ್ದರು. ಗಡಿಬಿಡಿಯಲ್ಲಿ ಬ್ಯಾಗು ಮನೆಯಲ್ಲೇ ಉಳಿದಿತ್ತು. ಸ್ವಂತ ಫೋನಿಲ್ಲದ ಸೆರ್ವಾ ಯಾರದೋ ಫೋನಿನಿಂದ ಹೇಳಿದ್ದು ಇಷ್ಟೇ: ಬೇಗ ಬ್ಯಾಗು ತನ್ನಿ, ಎಲ್ಲ ಅದರಲ್ಲೇ ಇದೆ. ಉಳಿ, ಸುತ್ತಿಗೆ, ಕರಗಸದ ಚೀಲ ಹೆಗಲಿಗೆ ಹಾಕಿಕೊಂಡು ದಿನಾ ಇದೇ ದಾರಿಯಲ್ಲಿ ಎದೆಯುಬ್ಬಿಸಿ ನಡೆಯುವವನು ದಪಾ. ಅದರ ಕಾಲು ಭಾಗವೂ ತೂಗದ ಈ ಬ್ಯಾಗನ್ನು ಹೆಗಲಿಗೆ ಹಾಕಲು ಮಾತ್ರ ಅವನ ಜೀವ ಒಪ್ಪಲಿಲ್ಲ. ಗಂಡಸಾಗಿ ಹೆಂಡತಿಯ ಬ್ಯಾಗು ನೇತುಹಾಕಿಕೊಂಡು ಹೋದರೆ ನಾಲ್ಕು ಜನ ಏನಂದಾರು ಎಂದು ಅಂಗಿಯೊಳಗೆ ತುರುಕಿಕೊಂಡಿದ್ದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಪಾಪ, ಏನೂ ಕದಿಯದ ದಪಾನ ಮುಖವೂ ಹುಳ್ಳುಳ್ಳಗೇ ಆಗಿತ್ತು.

ಹೆಂಡತಿಯದು ಅಂದರೆ ಯಾರೂ ನಂಬಲಿಲ್ಲ. ಫೋನು ಮಾಡಿ ಕೇಳಿಸೋಣವೆಂದರೆ ಆ ನಂಬರಿದ್ದ ತನ್ನ ಫೋನನ್ನು ಓಡುವ ಭರದಲ್ಲಿ ಕೆಲಸದ ಹಲಗೆಯ ಮೇಲೇ ಬಿಟ್ಟು ಬಂದಿದ್ದ. ಕೊನೆಗೆ ಪೊಕುವಾ ಬ್ಯಾಗನ್ನು ಎದೆಗವಚಿಕೊಂಡು ನ್ಯಾಯ ಹೇಳಲು ನಿಂತಳು.

"ನಿನ್ನ ಹೆಂಡ್ತೀದೇ ಆದ್ರೆ ಹೇಳು, ಒಳಗೇನಿದೆ? ಆಮೇಲೆ ತೆಗೆದು ನೋಡ್ತೀವಿ."

ಮದುವೆಯಾಗಿ, ಹುಟ್ಟಿದ ಮಗಳು ಹೆರುವಷ್ಟು ಕಾಲವಾಗಿದ್ದರೂ ದಪಾ ಆ ಬ್ಯಾಗಿನೊಳಗೆ ಒಮ್ಮೆಯೂ ಇಣುಕಿದವನಲ್ಲ. "ಗೊತ್ತಿಲ್ಲಮ್ಮ," ಅಂದ. ಗುಂಪು ಹೋ ಎಂದಿತು. ಯಾರೋ ಅವನ ಕೊರಳಪಟ್ಟಿಗೆ ಕೈ ಹಾಕಿದರು. ಪೊಕುವಾ ಕೈ ಎತ್ತಿ ತಡೆದು, ಒಂದಾದರೂ ಗೊತ್ತಿಲ್ಲವೇ ಎಂದು ಕೇಳಿದಳು.

"ಏನಿದೆ ಅಂತ ಗೊತ್ತಿಲ್ಲ, ಆದ್ರೆ ಕೇಳಿದ್ದು ಬರುತ್ತೆ. ತಲೆನೋವು ಅಂದ್ರೆ ಮಾತ್ರೆ ಬರುತ್ತೆ. ಚರ್ಚಲ್ಲಿ ಬೆವೆತ್ರೆ ಕರವಸ್ತ್ರ. ಹಾಡಿನ ಪುಸ್ತಕ ತೆಗೆದ್ರೆ ನನ್ನ ಕನ್ನಡಕ. ಗುಂಡಿ ಕಿತ್ಹೋದ್ರೆ ಸೂಜಿ ದಾರ. ಹಲ್ಲಲ್ಲಿ ಮಾಂಸ ಸಿಕ್ಕೊಂಡ್ರೆ ಕಡ್ಡಿ. ನಾನು ಕೈ ನೀಡ್ತೀನಿ, ಅವಳು ಕೊಡ್ತಾಳೆ. ನಂಗೊತ್ತಿರೋದು ಅಷ್ಟೇ." ದೊಡ್ಡ ಆಳು ಕೈ ಮುಗಿದ. "ಮಗಳು ಹೆರಿಗೆ ಮಂಚದ ಮೇಲಿದಾಳೆ. ಬಿಡ್ರಮ್ಮ."

ಪೊಕುವಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮನೆಯಲ್ಲೂ ಇಂಥದೇ ಒಂದು ಪ್ರಾಣಿ ಇತ್ತೋ ಏನೋ, ತುಟಿಯಂಚಿನಲ್ಲಿ ನಗು ಬಂತು.

"ಬಿಡ್ರೋ ಅವನ್ನ. ಕಳ್ಳ ಆಗಿದ್ರೆ ಮೊದಲ್ನೇ ತಿರುವಲ್ಲೇ ಒಳಗೇನಿದೆ ಅಂತ ನೋಡಿರ್ತಿದ್ದ. ಇಷ್ಟು ವರ್ಷ ನೋಡ್ದೇ ಇರೋನು ಗಂಡನೇ."

ಇಡೀ ಸಾಲು ನಕ್ಕಿತು. ಪೊಕುವಾ ತಾನೇ ಬ್ಯಾಗನ್ನು ಅವನ ಹೆಗಲಿಗೆ ಹಾಕಿ ಪಟ್ಟಿ ಸರಿಮಾಡಿದಳು. ಹೀಗೇ ಹೋಗು, ನಗುವವರು ದಾರಿಯನ್ನಾದರೂ ಬಿಡುತ್ತಾರೆ ಎಂದು ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸಿದಳು. ಅವಳ ಮಾತು ಸುಳ್ಳಾಗಲಿಲ್ಲ. ಟೊಮೆಟೊದವರು ನಗುತ್ತಾ ಬುಟ್ಟಿ ಸರಿಸಿದರು, ಕೈಗಾಡಿಯವರು ನಗುತ್ತಾ ಗಾಡಿ ನಿಲ್ಲಿಸಿದರು, ಒಬ್ಬಳಂತೂ ಎಲ್ಲಿಗೆ ಹೊರಟೆ ಅಕ್ಕಾ ಎಂದು ಕೂಗಿಯೇ ಬಿಟ್ಟಳು. ದಪಾ ಓಡಿದ.

ಹೆರಿಗೆ ವಾರ್ಡಿನ ಬಾಗಿಲಲ್ಲಿ ಸೆರ್ವಾ ಗಂಡನ ಮುಖ ನೋಡುವ ಮೊದಲು ಬ್ಯಾಗು ಕಿತ್ತುಕೊಂಡಳು. ಮಗಳ ಆಸ್ಪತ್ರೆ ಕಾರ್ಡು, ಮಗುವನ್ನು ಸುತ್ತಲು ಒಗೆದೊಗೆದು ಮೆತ್ತಗಾದ ಬಟ್ಟೆ, ಪುಟ್ಟ ಟೋಪಿ, ಒಂದೊಂದೂ ನರ್ಸಿನ ಕೈ ಸೇರಿತು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಹೆಣ್ಣುಮಗು, ತಾಯಿಯೂ ಕ್ಷೇಮ ಅಂದರು. ಬೆಂಚಿನ ಮೇಲೆ ಕುಳಿತು ದಪಾ ಗಳಗಳನೆ ಅತ್ತುಬಿಟ್ಟ. ಸೆರ್ವಾ ಕರವಸ್ತ್ರ ತೆಗೆದುಕೊಟ್ಟಳು. ಬೆಳಿಗ್ಗೆ ರಕ್ತದೊತ್ತಡದ ಗುಳಿಗೆ ಮರೆತಿರುತ್ತೀರಿ ಎಂದು ಅದನ್ನೂ ಕೊಟ್ಟಳು. ಅವನು ಕೈ ನೀಡಿಯೂ ಇರಲಿಲ್ಲ.

ಗುಳಿಗೆ ನುಂಗಿ, ತೆರೆದೇ ಇದ್ದ ಬ್ಯಾಗಿನೊಳಗೆ ಅವನು ಮೊದಲ ಸಲ ಕಣ್ಣು ಹಾಯಿಸಿದ.

"ಸೆರ್ವಾ, ಇದ್ರಲ್ಲಿ ನಿಂದು ಅಂತ ಯಾವ್ದಿದೆ?"

"ಇದೆಂಥ ಪ್ರಶ್ನೆ, ಫೊಸುವಾ ಅಪ್ಪ?" ಎಂದು ಆಕೆ ಬ್ಯಾಗಿಗೆ ಕೈ ಹಾಕಿದಳು. ಅವನ ಕನ್ನಡಕ, ಅಳಿಯನ ಬೀಗದ ಕೈ, ಮಗಳ ಬಾಚಣಿಗೆ, ಪಕ್ಕದ ಮನೆ ಅಜ್ಜಿಯ ಕೆಮ್ಮಿನ ಔಷಧಿ. ತಳದವರೆಗೂ ತಡಕಾಡಿದಳು. ಆಮೇಲೆ ಜಿಪ್ಪು ಎಳೆದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು.

"ಬ್ಯಾಗು ನಂದು," ಅಂದಳು.