ಬೀಳ್ಕೊಡುಗೆಯ ಓಟ

ಹೆಸರಿಗೆ ಅವನು ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲಿ ವೈಡ್ ರಿಸೀವರ್, ಅಂದರೆ ದೂರ ಓಡಿ ಚೆಂಡು ಹಿಡಿಯುವವನು. ಆದರೆ ಚೆಂಡು ಅವನ ಕೈ ಸೇರಿದ್ದು ಅಪರೂಪ. ಇನ್ನೇನು ಚೆಂಡು ತನಗೇ ಬಂತು ಎನ್ನುವಂತೆ ಕೈ ಚಾಚಿಕೊಂಡು ಅವನು ಓಡಬೇಕು, ಎದುರಾಳಿಗಳು ಅವನ ಬೆನ್ನು ಹತ್ತಬೇಕು, ಅಷ್ಟರಲ್ಲಿ ಆಚೆ ಬದಿಯಲ್ಲಿ ಇನ್ನೊಬ್ಬ ನಿರಾಳವಾಗಿ ಚೆಂಡು ಹಿಡಿಯಬೇಕು. ಹನ್ನೊಂದು ವರ್ಷ ಇದೇ ಕೆಲಸ.

“ನಿನ್ನ ಹಾಗೆ ನಂಬಿಸೋನು ಇನ್ನೊಬ್ಬನಿಲ್ಲ ಕಣಯ್ಯ,” ಎಂದು ಪ್ರತಿ ಸಲವೂ ಕೋಚ್ ಬೆನ್ನು ತಟ್ಟುತ್ತಿದ್ದ.

ಅಂಥವನ ನಿವೃತ್ತಿಗೆ ತಂಡದ ಮಾಲೀಕ ಕ್ರೀಡಾಂಗಣದಲ್ಲೇ ಭರ್ಜರಿ ಸನ್ಮಾನ ಏರ್ಪಡಿಸಿದ. ತಂಡ ಬೇರೆ ಊರಿನವರ ಪಾಲಾಗುತ್ತದೆಂಬ ಗುಲ್ಲೆದ್ದು, ವಾರದಿಂದ ಮಾಲೀಕನ ಕಚೇರಿ ಬಾಗಿಲು ಕಾಯುತ್ತಿದ್ದ ಪತ್ರಕರ್ತರು, ಅಭಿಮಾನಿಗಳು ಎಲ್ಲರೂ ಅಂದು ಇಲ್ಲಿಗೇ ಬಂದಿದ್ದರು.

“ಇಷ್ಟೊಂದು ಜನ ನಿನಗೋಸ್ಕರವಾ?” ಎಂದಳು ಹೆಂಡತಿ.

“ಕೊನೆಗೂ ಚೆಂಡು ನನ್ನ ಕಡೆ ಬಂತು ನೋಡು,” ಎಂದು ಅವನು ವೇದಿಕೆ ಹತ್ತಿದ.

ಅವನ ಭಾಷಣ ಮುಗಿಯುವಷ್ಟರಲ್ಲಿ ಕೋಚ್ ಗಡಿಯಾರ ನೋಡಿಕೊಂಡು ಪಕ್ಕಕ್ಕೆ ಬಂದ. “ಇನ್ನೊಂದರ್ಧ ಗಂಟೆ ಮಾತಾಡು.”

“ಎಲ್ಲಾ ಹೇಳಿ ಆಯ್ತಲ್ಲ. ಮಾಲೀಕರು ಇನ್ನೂ ಬಂದೇ ಇಲ್ಲ?”

“ಬರ್ತಾರೆ. ನಿಮ್ಮಮ್ಮನ ವಿಷಯ ಹೇಳು.”

ಅಮ್ಮನ ವಿಷಯ ಹೇಳಿದ. ಜನ ಕಣ್ಣೊರೆಸಿಕೊಳ್ಳುತ್ತಿದ್ದಾಗಲೇ ಪತ್ರಕರ್ತರ ಫೋನುಗಳು ಒಟ್ಟಿಗೇ ಬಡಿದುಕೊಂಡವು. ಎಲ್ಲರೂ ಗೇಟಿನತ್ತ ಓಡಿದರು.

“ಏನಾಯ್ತು?” ಎಂದು ಅವನು ಮೈಕಿನಲ್ಲೇ ಕೇಳಿದ.

“ಊರಾಚೆ ಹೋಟೆಲಲ್ಲಿ ನಿಮ್ಮ ಮಾಲೀಕರು ಈಗಷ್ಟೇ ತಂಡ ಮಾರಿಬಿಟ್ರಂತೆ,” ಎಂದು ಒಬ್ಬ ಓಡುತ್ತಲೇ ಕೂಗಿದ.

ಕೋಚ್ ಹತ್ತಿರ ಬಂದು, ಎಂದಿನಂತೆ ಅವನ ಬೆನ್ನು ತಟ್ಟಿದ.